ಯಾರ ಮೇಲೆ ಅನುಮಾನ, ಯಾವುದರಿಂದ ಅನುಮಾನ: ವಿಜ್ಞಾನ ತರಗತಿಯಲ್ಲಿ ಪತ್ತೇದಾರ ಪುರುಷೋತ್ತಮ

ಪಾಠದ ಪೀಠಿಕೆ ಮಕ್ಕಳ ಕುತೂಹಲ ಕೆರಳಿಸುವಂತಿರಬೇಕು ಎಂದು ಬೋಧನಾ ವಿಧಾನದ ತರಗತಿಗಳಲ್ಲಿ ನಮಗೆ ಹೇಳಿಕೊಡುತ್ತಾರೆ. ಚಿತ್ರ, ಹಾಡು, ಒಗಟು, ಕಥೆ, ಯಾವುದಾದರೂ ಸರಿ. ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಗೆ ಮಿಶ್ರಣಗಳ ಬೇರ್ಪಡಿಸುವಿಕೆಯ ಪಾಠ ಮಾಡಬೇಕಾದಾಗ ನಾನು ಆರಿಸಿಕೊಂಡದ್ದು ಪತ್ತೇದಾರಿ ಕಥೆ. ಪಾಠ ಚೆನ್ನಾಗಿ ನಡೆಯಿತು. ಮಕ್ಕಳು ಕೂತಲ್ಲಿ ಕೂರಲಿಲ್ಲ, ಪ್ರಯೋಗ ಫಲ ಕೊಟ್ಟಿತು, ವೀಕ್ಷಣಾ ಹಾಳೆಯಲ್ಲಿ ‘ಪೀಠಿಕೆ ಆಕರ್ಷಕ’ ಎಂಬ ಮಾತೂ ಬಂತು. ಆದರೂ ಆ ಪಾಠದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಅದು ವಿಜ್ಞಾನದ ತಪ್ಪೂ ಹೌದು, ಶಿಕ್ಷಕಿಯ ತಪ್ಪೂ ಹೌದು. ಪತ್ತೇದಾರಿ ನಾಯಕನೊಬ್ಬ ವಿಜ್ಞಾನ ತರಗತಿಗೆ ಏನು ಕೊಡಬಲ್ಲ, ಅವನನ್ನು ಕರೆಯುವಾಗ ನಾವು ಎಲ್ಲಿ ಎಡವಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪುರುಷೋತ್ತಮ ಯಾರು?

ಈಗ ನಮ್ಮೊಡನೆ ಬಿ.ಇಡಿ. ಓದುತ್ತಿರುವ ಹಲವರಿಗೆ ಪತ್ತೇದಾರ ಎಂದರೆ ಟಿ.ವಿ.ಯ ಕ್ರೈಂ ಧಾರಾವಾಹಿಯ ಪೊಲೀಸ್ ಅಧಿಕಾರಿ. ಆದರೆ ನಮ್ಮ ತಂದೆ, ಅಜ್ಜಂದಿರ ತಲೆಮಾರಿಗೆ ಆ ಪದದ ಜೊತೆ ಬರುತ್ತಿದ್ದ ಹೆಸರು ಪುರುಷೋತ್ತಮ. ಅವನನ್ನು ಸೃಷ್ಟಿಸಿದವರು ಎನ್. ನರಸಿಂಹಯ್ಯನವರು (1925–2011). ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 1950ರ ದಶಕದ ಆರಂಭದಲ್ಲಿ ಬಂದ ‘ಪತ್ತೇದಾರ ಪುರುಷೋತ್ತಮ’ ಅವರ ಮೊದಲ ಕಾದಂಬರಿ. ಆಮೇಲೆ ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಪತ್ತೇದಾರರೂ ಅವರ ಕಾದಂಬರಿಗಳಲ್ಲಿ ಬಂದರು. ಜನರ ಬಾಯಲ್ಲಿ ಹೆಚ್ಚು ಉಳಿದವನು ಪುರುಷೋತ್ತಮನೇ.

ಪತ್ತೆ ಹಚ್ಚುವವನು ಪತ್ತೇದಾರ. ಜಮೀನ್ದಾರ, ಹವಾಲ್ದಾರ, ತಹಸೀಲ್ದಾರ ಎನ್ನುವಲ್ಲಿರುವ ಪಾರ್ಸಿ ಮೂಲದ ‘ದಾರ’ವೇ ಇಲ್ಲಿಯೂ ಇದೆ. ಹೆಸರು ಪೂರ್ತಿ ನಮ್ಮದು, ವೇಷ ನಮ್ಮದು, ಊರು ನಮ್ಮದು. ವಾಕ್ಯಗಳು ಚಿಕ್ಕವು, ಕಥೆಯ ಓಟ ಜೋರು. ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕಿಷ್ಟು ಎಂದು ದುಡ್ಡು ಕೊಟ್ಟು ತಂದು, ರಾತ್ರಿಯೇ ಮುಗಿಸಿ, ಬೆಳಿಗ್ಗೆ ಹಿಂದಿರುಗಿಸುತ್ತಿದ್ದ ಪುಸ್ತಕಗಳಿವು. ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಮುಟ್ಟದವರೂ ಇವನ್ನು ಓದಿದರು. ಅಕ್ಷರ ಕಲಿತವರನ್ನು ಓದುಗರನ್ನಾಗಿ ಮಾಡಿದ ಕೆಲಸ ಸಣ್ಣದಲ್ಲ. ನಮ್ಮ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರನ್ನು ಕನ್ನಡದ ಕಡೆಗೆ ಎಳೆದದ್ದೂ ಒಂದು ಕಾದಂಬರಿಯೇ, ಅ.ನ.ಕೃ. ಅವರ ‘ಸಂಧ್ಯಾರಾಗ’. ಯಾವ ಪುಸ್ತಕ ಯಾರನ್ನು ಹಿಡಿದು ನಿಲ್ಲಿಸುತ್ತದೆ ಎಂದು ಮೊದಲೇ ಹೇಳಲಾಗದು.

ಪತ್ತೇದಾರಿ ಕಾದಂಬರಿಯ ಕಟ್ಟಡವನ್ನು ಸರಳವಾಗಿ ಹೀಗೆ ಹೇಳಬಹುದು. ಮೊದಲು ಒಂದು ಘಟನೆ, ಅದರ ಕಾರಣ ಗೊತ್ತಿಲ್ಲ. ಆಮೇಲೆ ಸುಳಿವುಗಳು. ಸುಳಿವುಗಳಿಂದ ಒಂದು ಊಹೆ. ಊಹೆ ಸರಿಯೇ ಎಂಬ ಪರೀಕ್ಷೆ. ಕೊನೆಗೆ ವಿವರಣೆ. ಇದನ್ನು ಓದಿದ ಯಾವ ವಿಜ್ಞಾನ ಪ್ರಶಿಕ್ಷಣಾರ್ಥಿಗಾದರೂ ವೈಜ್ಞಾನಿಕ ವಿಧಾನದ ಹಂತಗಳು ನೆನಪಾಗುತ್ತವೆ: ಸಮಸ್ಯೆ, ವೀಕ್ಷಣೆ, ಪ್ರಾಕ್ಕಲ್ಪನೆ, ಪ್ರಯೋಗ, ತೀರ್ಮಾನ. ಹೋಲಿಕೆ ಇಷ್ಟು ಚೆಂದ ಕಾಣುವುದರಿಂದಲೇ ನಾನು ಅದನ್ನು ಎರಡನೆಯ ಬಾರಿ ಯೋಚಿಸದೆ ತರಗತಿಗೆ ಒಯ್ದೆ.

ಮೊದಲ ಪಾಠದಲ್ಲಿ ನಡೆದದ್ದು

ನನ್ನ ಯೋಜನೆ ಹೀಗಿತ್ತು. ಪ್ರಯೋಗದ ಪೆಟ್ಟಿಗೆಯಿಂದ ದಂಡಕಾಂತ ಕಾಣೆಯಾಗಿದೆ. ಕಳ್ಳ ಒಂದು ಚೀಟಿ ಬಿಟ್ಟುಹೋಗಿದ್ದಾನೆ. ಚೀಟಿಯನ್ನು ಕಪ್ಪು ಸ್ಕೆಚ್ ಪೆನ್ನಿನಿಂದ ಬರೆಯಲಾಗಿದೆ. ಪತ್ತೇದಾರ ಪುರುಷೋತ್ತಮ ಶಾಲೆಗೆ ಬಂದು ಮೂರು ಕಪ್ಪು ಪೆನ್ನುಗಳನ್ನು ವಶಪಡಿಸಿಕೊಂಡಿದ್ದಾನೆ. ಚೀಟಿ ಬರೆದದ್ದು ಯಾವ ಪೆನ್ನಿನಿಂದ ಎಂಬುದನ್ನು ಮಕ್ಕಳು ಕ್ರೊಮ್ಯಾಟೊಗ್ರಫಿಯಿಂದ ಕಂಡುಹಿಡಿಯಬೇಕು. ಕಾಂತ ನನ್ನ ಬ್ಯಾಗಿನಲ್ಲೇ ಇತ್ತು.

ಕಥೆ ಹೇಳಿ ಮುಗಿಸಿ, ಮಕ್ಕಳನ್ನು ಇನ್ನಷ್ಟು ತೊಡಗಿಸಿಕೊಳ್ಳೋಣವೆಂದು ಒಂದು ಪ್ರಶ್ನೆ ಕೇಳಿದೆ: ‘ಹಾಗಾದರೆ ನಿಮಗೆ ಯಾರ ಮೇಲೆ ಅನುಮಾನ?’

ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ, ಬಾಯಿಗೆ ಬಂತು, ಕೇಳಿದೆ. ನಾನು ನಿರೀಕ್ಷಿಸಿದ್ದು ನಗು, ಒಬ್ಬರು ಇನ್ನೊಬ್ಬರ ಹೆಸರು ಹೇಳುವ ಗಲಾಟೆ. ಆದದ್ದು ಬೇರೆ. ಹಿಂದಿನ ಬೆಂಚಿನಿಂದ ಒಂದು ಹೆಸರು ಬಂತು. ಮರುಕ್ಷಣ ಐದಾರು ಕಡೆಯಿಂದ ಅದೇ ಹೆಸರು. ‘ಅವ್ನೇ ಮೇಡಂ, ಇನ್ಯಾರು?’ ನಾನು ನಗುತ್ತಲೇ ‘ಇರಲಿ, ಸಾಕ್ಷಿ ನೋಡೋಣ’ ಎಂದು ಸೋಸುಕಾಗದದ ಪಟ್ಟಿಗಳನ್ನು ಹಂಚಲು ಹೋದೆ.

ಆ ಹೊತ್ತಿನಲ್ಲಿ ನಾನು ಕಾಣದ್ದನ್ನು ಕಂಡವಳು ಹಿಂದೆ ಕೂತು ನನ್ನ ಪಾಠ ವೀಕ್ಷಿಸುತ್ತಿದ್ದ ಸಹಪಾಠಿ. ಅವಳ ವೀಕ್ಷಣಾ ಹಾಳೆಯ ಅಂಚಿನಲ್ಲಿ ಎರಡು ಸಾಲು ಇದ್ದವು: ‘ಹೆಸರು ಬಂದ ಹುಡುಗ ತಾನಾಗಿಯೇ ಎದ್ದು ನಿಂತ. ಕೂತುಕೋ ಎಂದು ಯಾರೂ ಹೇಳಲಿಲ್ಲ.’

ಅವನು ಪ್ರತಿಭಟಿಸಲಿಲ್ಲ, ಅಳಲಿಲ್ಲ. ಎದ್ದು ನಿಂತ, ಅಷ್ಟೆ. ಹೆಸರು ಕರೆದಾಗ ಎದ್ದು ನಿಲ್ಲುವುದು ರೂಢಿಯಾದವನಂತೆ. ಶಾಲೆಯಲ್ಲಿ ಏನು ಕಳೆದರೂ ಮೊದಲು ಹೇಳುವ ಹೆಸರು ಅವನದು ಎಂದು ಆಮೇಲೆ ತಿಳಿಯಿತು. ಯಾಕೆ ಎಂದು ಕೇಳಿದರೆ ಯಾರ ಬಳಿಯೂ ಒಂದು ಘಟನೆ ಇರಲಿಲ್ಲ. ಅವನ ಅಂಗಿ, ಅವನ ಓಣಿ, ಅವನ ಮನೆಯವರು ವರ್ಷದಲ್ಲಿ ಕೆಲವು ತಿಂಗಳು ಊರು ಬಿಟ್ಟು ದುಡಿಯಲು ಹೋಗುವುದು, ಕಾರಣಗಳೆಂದು ಸಿಕ್ಕವು ಇಂಥವೇ. ಕಥೆಯ ಕಳ್ಳನನ್ನು ಹುಡುಕಲು ಹೊರಟ ನಾನು, ತರಗತಿಯಲ್ಲಿ ಮೊದಲೇ ಸಿದ್ಧವಾಗಿದ್ದ ಒಬ್ಬ ‘ಕಳ್ಳ’ನನ್ನು ಎಬ್ಬಿಸಿ ನಿಲ್ಲಿಸಿದ್ದೆ. ಪತ್ತೇದಾರಿ ಕಥೆ ಬಲ್ಲ ಯಾರಿಗಾದರೂ ಗೊತ್ತು: ಮೊದಲ ಅಧ್ಯಾಯದಲ್ಲಿ ಎಲ್ಲರ ಕಣ್ಣು ಯಾರ ಮೇಲೆ ಬೀಳುತ್ತದೋ ಅವನು ಸಾಮಾನ್ಯವಾಗಿ ನಿರಪರಾಧಿ. ಓದುವಾಗ ಗೊತ್ತಿದ್ದ ಈ ನಿಯಮ ಪಾಠ ಮಾಡುವಾಗ ನನಗೆ ನೆನಪಾಗಲಿಲ್ಲ.

ಒಂದು ಪದ, ಎರಡು ಅರ್ಥ

ತಪ್ಪು ಎಲ್ಲಾಯಿತು ಎಂದು ಯೋಚಿಸಿದಾಗ ನಾನು ಬಳಸಿದ ಪದವೇ ಕಣ್ಣಿಗೆ ಬಿತ್ತು: ಅನುಮಾನ. ದಿನಬಳಕೆಯ ಕನ್ನಡದಲ್ಲಿ ಅನುಮಾನವೆಂದರೆ ಶಂಕೆ. ಅದು ಯಾವಾಗಲೂ ಯಾರದೋ ‘ಮೇಲೆ’ ಇರುತ್ತದೆ. ಆದರೆ ಭಾರತೀಯ ತರ್ಕಶಾಸ್ತ್ರದಲ್ಲಿ, ಅಂದರೆ ನ್ಯಾಯದರ್ಶನದಲ್ಲಿ, ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮ. ಶಂಕೆಗೆ ಅಲ್ಲಿ ಸಂಶಯ ಎಂಬ ಬೇರೆ ಪದವೇ ಇದೆ. ತರ್ಕದ ಅನುಮಾನ ಯಾರ ಮೇಲೂ ಇರುವುದಿಲ್ಲ, ಯಾವುದೋ ಒಂದ‘ರಿಂದ’ ಹೊರಡುತ್ತದೆ.

ನ್ಯಾಯದರ್ಶನ ಈ ಕ್ರಮಕ್ಕೆ ಐದು ಅವಯವಗಳನ್ನು ಹೇಳುತ್ತದೆ. ಎಲ್ಲರೂ ಕೇಳಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

1. ಪ್ರತಿಜ್ಞೆ: ಗುಡ್ಡದ ಮೇಲೆ ಬೆಂಕಿ ಇದೆ.
2. ಹೇತು: ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ.
3. ಉದಾಹರಣೆ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿದ್ದಂತೆ.
4. ಉಪನಯ: ಈ ಗುಡ್ಡದ ಮೇಲೂ ಅಂಥದೇ ಹೊಗೆ ಇದೆ.
5. ನಿಗಮನ: ಆದ್ದರಿಂದ ಗುಡ್ಡದ ಮೇಲೆ ಬೆಂಕಿ ಇದೆ.

ಇದರಲ್ಲಿ ಪ್ರಾಣವಿರುವುದು ಎರಡನೆಯ, ಮೂರನೆಯ ಅವಯವಗಳಲ್ಲಿ. ಹೇತು ಕಣ್ಣಿಗೆ ಕಾಣಬೇಕು, ಹೇತುವಿಗೂ ಸಾಧಿಸಬೇಕಾದದ್ದಕ್ಕೂ ತಪ್ಪದ ಸಂಬಂಧವಿರಬೇಕು. ಹೇತುವಿನಂತೆ ಕಂಡರೂ ಹೇತುವಲ್ಲದ್ದನ್ನು ನೈಯಾಯಿಕರು ಹೇತ್ವಾಭಾಸ ಎನ್ನುತ್ತಾರೆ. ‘ಅವನೇ ಕದ್ದಿರಬೇಕು, ಏಕೆಂದರೆ ಹಿಂದೆಯೂ ಅವನ ಹೆಸರು ಬಂದಿತ್ತು’ ಎಂಬುದು ಶುದ್ಧ ಹೇತ್ವಾಭಾಸ. ಹೆಸರು ಬರುವುದಕ್ಕೂ ಕದಿಯುವುದಕ್ಕೂ ಹೊಗೆ-ಬೆಂಕಿಯ ಸಂಬಂಧವಿಲ್ಲ. ಆದರೂ ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎಂದು ನಾವೇ ಗಾದೆಯಂತೆ ಹೇಳುತ್ತೇವೆ. ಅಲ್ಲಿ ಹೊಗೆಯಂತೆ ಕಂಡದ್ದು ಬರೀ ಮಾತು.

ಹೀಗೆ ‘ಯಾರ ಮೇಲೆ’ ಎಂಬ ಅನುಮಾನ ಮಾತಾಗಿ ಉಳಿಯದೆ ಕಾನೂನೇ ಆದ ಕಾಲವೊಂದಿತ್ತು. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರ ಕಾಯ್ದೆಯ ಮೂಲಕ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ಊರುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿದ್ದವು ಎಂಬುದನ್ನು ನೆನೆದರೆ ಇದು ದೂರದ ಇತಿಹಾಸವಲ್ಲ. ಆ ಕಾಯ್ದೆಯಲ್ಲಿ ಒಬ್ಬ ಏನು ಮಾಡಿದ ಎಂಬುದಕ್ಕಿಂತ ಯಾವ ಸಮುದಾಯದಲ್ಲಿ ಹುಟ್ಟಿದ ಎಂಬುದೇ ಶಂಕೆಗೆ ಸಾಕಾಗಿತ್ತು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರಿಂದೂರಿಗೆ ಹೋಗಲು ಅಪ್ಪಣೆ ಬೇಕು. ಮದ್ರಾಸಿನಲ್ಲಿ 1947ರಲ್ಲಿ, ದೇಶದಾದ್ಯಂತ 1952ರಲ್ಲಿ ಅದು ರದ್ದಾಯಿತು. ಕಾನೂನು ಹೋಗಿ ಎಪ್ಪತ್ತು ವರ್ಷ ದಾಟಿದೆ. ಶಾಲೆಯಲ್ಲಿ ಪೆನ್ಸಿಲ್ ಕಳೆದಾಗ ಮಕ್ಕಳ ಬಾಯಿಗೆ ಮೊದಲು ಬರುವ ಹೆಸರು ಯಾರದು, ಯಾಕೆ ಎಂದು ನಾವು ಕೇಳಿಕೊಂಡರೆ ರೂಢಿ ಎಷ್ಟು ಹೋಗಿದೆ ಎಂಬುದು ತಿಳಿಯುತ್ತದೆ.

ಪತ್ತೇದಾರ ನಿಜವಾಗಿ ಮಾಡುವುದೇನು?

ಲೋಕಪ್ರಸಿದ್ಧ ಪತ್ತೇದಾರ ಷರ್ಲಾಕ್ ಹೋಮ್ಸ್ ಹುಟ್ಟಿದ್ದು ಒಂದು ತರಗತಿಯಿಂದ ಎಂಬುದು ನಮಗೆ ಆಸಕ್ತಿಯ ವಿಷಯ. ಹೋಮ್ಸ್ ಮೊದಲು ಕಾಣಿಸಿಕೊಂಡದ್ದು 1887ರಲ್ಲಿ. ಕರ್ತೃ ಆರ್ಥರ್ ಕಾನನ್ ಡಾಯ್ಲ್ ವೈದ್ಯರು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುವಾಗ ಅವರಿಗೆ ಗುರುಗಳಾಗಿದ್ದ ಡಾ. ಜೋಸೆಫ್ ಬೆಲ್ ಅವರೇ ಹೋಮ್ಸ್‌ಗೆ ಮಾದರಿ. ರೋಗಿ ಬಾಯಿ ಬಿಡುವ ಮೊದಲೇ ಬೆಲ್ ಅವನ ಕಸುಬು, ಅವನು ಬಂದ ಊರು ಹೇಳಿಬಿಡುತ್ತಿದ್ದರು. ಒಬ್ಬ ರೋಗಿ ಸೇನೆಯಿಂದ ಈಚೆಗೆ ಬಿಡುಗಡೆಯಾದವನು, ಬಾರ್ಬಡೋಸ್‌ನಲ್ಲಿದ್ದವನು ಎಂದರಂತೆ. ಆಮೇಲೆ ವಿದ್ಯಾರ್ಥಿಗಳಿಗೆ ವಿವರಿಸಿದರು: ಮರ್ಯಾದಸ್ಥನಾದರೂ ಟೋಪಿ ತೆಗೆಯಲಿಲ್ಲ, ಅದು ಸೇನೆಯ ರೂಢಿ, ಬಿಟ್ಟುಬಂದು ಬಹಳ ದಿನವಾಗಿದ್ದರೆ ಹೋಗಿರುತ್ತಿತ್ತು. ಅವನಿಗಿರುವುದು ಆನೆಕಾಲು ರೋಗ, ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸಿನದು.

ಜನ ಬೆರಗಾಗುವುದು ಉತ್ತರಕ್ಕೆ. ಶಿಕ್ಷಕರಾದ ನಾವು ನೋಡಬೇಕಾದದ್ದು ಆಮೇಲಿನ ವಿವರಣೆಯನ್ನು. ಬೆಲ್ ಒಂದೊಂದು ಮಾತಿಗೂ ಒಂದೊಂದು ಹೇತು ತೋರಿಸಿದರು. ಹೇತು ತಪ್ಪಿದ್ದರೆ ಯಾರು ಬೇಕಾದರೂ ತೋರಿಸಿಕೊಡಬಹುದಿತ್ತು.

ಇದು ಅನುಗಮನವೋ ನಿಗಮನವೋ ಎಂಬ ಪ್ರಶ್ನೆ ಬರುತ್ತದೆ. ಹಲವು ಉದಾಹರಣೆಗಳಿಂದ ನಿಯಮಕ್ಕೆ ಹೋಗುವುದು ಅನುಗಮನ, ನಿಯಮದಿಂದ ಉದಾಹರಣೆಗೆ ಬರುವುದು ನಿಗಮನ. ಪತ್ತೇದಾರ ಮಾಡುವುದು ಎರಡಕ್ಕೂ ತುಸು ಬೇರೆ. ಕಣ್ಣೆದುರಿನ ಸುಳಿವುಗಳಿಗೆಲ್ಲ ಹೊಂದುವ ಅತ್ಯುತ್ತಮ ವಿವರಣೆ ಯಾವುದು ಎಂದು ಅವನು ಊಹಿಸುತ್ತಾನೆ. ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಇದನ್ನು ಅಬ್ಡಕ್ಷನ್ ಎಂದು ಕರೆದ. ಈ ಬಗೆಯ ಊಹೆ ಹೊಸ ದಾರಿ ತೋರಿಸುತ್ತದೆ, ಆದರೆ ಖಾತರಿ ಕೊಡುವುದಿಲ್ಲ. ಅದಕ್ಕೆ ಪರೀಕ್ಷೆ ಬೇಕೇ ಬೇಕು. ಪರೀಕ್ಷೆಯಿಲ್ಲದ ಊಹೆ ಮನುಷ್ಯರ ಮೇಲೆ ತಿರುಗಿದರೆ ಅದೇ ಶಂಕೆ.

ಬಂಗಾಳದ ಶರದಿಂದು ಬಂದೋಪಾಧ್ಯಾಯರು 1932ರಲ್ಲಿ ಸೃಷ್ಟಿಸಿದ ಬ್ಯೋಮಕೇಶ ಬಕ್ಷಿಗೆ ಪತ್ತೇದಾರ ಎಂಬ ಹೆಸರೇ ಹಿಡಿಸುವುದಿಲ್ಲ. ತನ್ನನ್ನು ‘ಸತ್ಯಾನ್ವೇಷಿ’ ಎಂದು ಕರೆದುಕೊಳ್ಳುತ್ತಾನೆ. ಹುಡುಕುವುದು ಮನುಷ್ಯನನ್ನಲ್ಲ, ಸತ್ಯವನ್ನು. ನಾನು ಮೊದಲ ದಿನ ಹಿಡಿಯದ ವ್ಯತ್ಯಾಸ ಇದೇ.

ಹಾಗೆಂದು ಪತ್ತೇದಾರಿ ಕಾದಂಬರಿ ವಿಜ್ಞಾನದ ಪಠ್ಯವಲ್ಲ. ಜನಪ್ರಿಯ ಕಾದಂಬರಿಗಳಲ್ಲಿ ವೇಷ ಮರೆಸುವುದು, ಬೆನ್ನಟ್ಟುವುದು, ಸಮಯಕ್ಕೆ ಸರಿಯಾಗಿ ಏನೋ ಕಣ್ಣಿಗೆ ಬೀಳುವುದು ಬಹಳ. ಕೊನೆಯ ಪುಟದಲ್ಲಿ ಉತ್ತರ ಖಂಡಿತ ಸಿಗುತ್ತದೆ, ಪ್ರಯೋಗಶಾಲೆಯಲ್ಲಿ ಹಾಗಿಲ್ಲ. ಆದ್ದರಿಂದ ಕಥೆಯಿಂದ ನಾವು ತರಬೇಕಾದದ್ದು ಎರಡನ್ನು ಮಾತ್ರ: ಮುಂದೇನು ಎಂಬ ಎಳೆತ, ಸುಳಿವಿನಿಂದ ಹೊರಡುವ ಕ್ರಮ. ಕಳ್ಳನನ್ನು ಪುಸ್ತಕದಲ್ಲೇ ಬಿಟ್ಟು ಬರಬಹುದು.

ಎರಡನೆಯ ಪಾಠ

ಮರುದಿನ ತರಗತಿಗೆ ಹೋಗಿ ಮೊದಲು ಬ್ಯಾಗಿನಿಂದ ಕಾಂತ ತೆಗೆದು ಮೇಜಿನ ಮೇಲಿಟ್ಟೆ. ‘ಇದು ನಿನ್ನೆಯೆಲ್ಲ ನನ್ನ ಹತ್ತಿರವೇ ಇತ್ತು. ಯಾರೂ ಕದ್ದಿರಲಿಲ್ಲ. ಯಾರ ಮೇಲೆ ಅನುಮಾನ ಎಂದು ನಾನು ಕೇಳಬಾರದಿತ್ತು’ ಎಂದೆ. ಹುಡುಗನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಅವನು ಮತ್ತೆ ಎದ್ದು ನಿಲ್ಲುತ್ತಿದ್ದ.

ಹಿಂದಿನ ದಿನದ ಕ್ರೊಮ್ಯಾಟೊಗ್ರಫಿ ಪಟ್ಟಿಗಳು ಒಣಗಿದ್ದವು. ಸೋಸುಕಾಗದದ ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ, ಗೆರೆಯ ಮೇಲೆ ಶಾಯಿಯ ಚುಕ್ಕೆ, ಚುಕ್ಕೆ ಮುಳುಗದಂತೆ ತುದಿ ಮಾತ್ರ ನೀರಿಗೆ. ನೀರು ಏರಿದಂತೆ ಕಪ್ಪು ಒಡೆದು ನೀಲಿ, ಗುಲಾಬಿ, ಹಳದಿ ಬೇರೆಬೇರೆಯಾಗಿದ್ದವು. ಚೀಟಿಯ ಪಟ್ಟಿ ಎರಡನೆಯ ಪೆನ್ನಿಗೆ ಹೊಂದುತ್ತಿತ್ತು. ಈಗ ಪ್ರಶ್ನೆ ಬದಲಿಸಿದೆ: ‘ಇದರಿಂದ ನಮಗೆ ಏನು ಗೊತ್ತಾಯಿತು? ಏನು ಗೊತ್ತಾಗಲಿಲ್ಲ?’ ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಹೇಳಿದಳು: ‘ಪೆನ್ನು ಯಾವ್ದು ಅಂತ ಗೊತ್ತಾತು ಮೇಡಂ, ಬರೆದೋರು ಯಾರು ಅಂತ ಗೊತ್ತಾಗಿಲ್ಲ. ಅಂಥ ಪೆನ್ನು ಅಂಗಡ್ಯಾಗೆ ಬೇಕಾದಷ್ಟು ಅದಾವು.’ ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಆಮೇಲೆ ಹೊಸ ‘ಪ್ರಕರಣ’. ಈ ಬಾರಿ ಶಂಕಿತರು ಮನುಷ್ಯರಲ್ಲ, ಐದು ಬಿಳಿ ಪುಡಿಗಳು. ಉಪ್ಪು, ಸಕ್ಕರೆ ಪುಡಿ, ಅಡುಗೆ ಸೋಡಾ, ಮೈದಾ, ಕಪ್ಪುಹಲಗೆಯ ಸೀಮೆಸುಣ್ಣದ ಪುಡಿ. ಪೊಟ್ಟಣಗಳ ಮೇಲೆ ಸಂಖ್ಯೆ ಮಾತ್ರ. ನಿಯಮ ಎರಡು: ರುಚಿ ನೋಡುವಂತಿಲ್ಲ. ‘ಏಕೆಂದರೆ’ ಇಲ್ಲದೆ ಹೆಸರು ಹೇಳುವಂತಿಲ್ಲ.

ನೀರಿನಲ್ಲಿ ಮೂರು ಕರಗಿದವು, ಮೈದಾ ಮತ್ತು ಸೀಮೆಸುಣ್ಣ ಕರಗಲಿಲ್ಲ. ಅಯೋಡಿನ್ ಹನಿ ಬಿದ್ದ ಮೈದಾ ಕಡುನೀಲಿಯಾಯಿತು, ಪಿಷ್ಟವಿದೆ ಎಂದಾಯಿತು. ನಿಂಬೆರಸ ಬಿದ್ದೊಡನೆ ಅಡುಗೆ ಸೋಡಾ ಬುಸುಗುಟ್ಟಿತು. ಅರಿಶಿನದ ಕಾಗದವನ್ನು ಸೋಡಾದ ನೀರು ತುಸುವೇ ಕೆಂಪಗೆ ತಿರುಗಿಸಿತು. ಬಣ್ಣ ಜೋರಾಗಿ ಬರಲಿಲ್ಲ, ಅದು ದುರ್ಬಲ ಪ್ರತ್ಯಾಮ್ಲ ಎಂಬುದಕ್ಕೆ ಅದೂ ಒಂದು ಸುಳಿವು. ಉಳಿದ ಉಪ್ಪು ಮತ್ತು ಸಕ್ಕರೆಯನ್ನು ಚಮಚದಲ್ಲಿಟ್ಟು ನಾನೇ ಕಾಯಿಸಿ ತೋರಿಸಿದೆ. ಸಕ್ಕರೆ ಕರಗಿ ಕಂದಾಗಿ ಕರಿಯಾಯಿತು, ಉಪ್ಪು ಹಾಗೇ ಉಳಿಯಿತು.

ಒಂದು ಕಡೆ ಕಥೆ ನನ್ನ ಕೈ ಮೀರಿ ಚೆಂದವಾಯಿತು. ಸೀಮೆಸುಣ್ಣವೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ಬಿದ್ದರೆ ಗುಳ್ಳೆ ಬರಬೇಕು ಎಂದು ಒಬ್ಬ ವಾದಿಸಿದ. ನಿಂಬೆರಸ ಹಾಕಿದರೆ ಗುಳ್ಳೆ ಬರಲಿಲ್ಲ. ಹಾಗಾದರೆ ಎರಡು ಊಹೆ: ಒಂದೋ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲ, ಇಲ್ಲವೇ ನಿಂಬೆರಸಕ್ಕೆ ಕಾರ್ಬೊನೇಟ್ ಜೊತೆ ಕೆಲಸ ಮಾಡುವಷ್ಟು ಶಕ್ತಿ ಇಲ್ಲ. ‘ನಿಂಬೆಹಣ್ಣು ಹಳೇದಿರಬೇಕು’ ಎಂದವರೂ ಇದ್ದರು. ಎರಡನ್ನೂ ಬೇರ್ಪಡಿಸುವುದು ಹೇಗೆ? ಬಿಸಿಯೂಟದ ಮೊಟ್ಟೆಯ ಸಿಪ್ಪೆ ನೆನಪಾಯಿತು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಸಿಪ್ಪೆ ಪುಡಿಮಾಡಿ ಅದೇ ನಿಂಬೆರಸ ಹಾಕಿದೆವು. ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ನಿಂಬೆಹಣ್ಣು ನಿರಪರಾಧಿ. ಇಂದು ಸಿಗುವ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂನಿಂದ, ಅಂದರೆ ಕ್ಯಾಲ್ಸಿಯಂ ಸಲ್ಫೇಟಿನಿಂದ ಮಾಡಿದ್ದು, ಅದು ಹೀಗೆ ಗುಳ್ಳೆ ಬಿಡುವುದಿಲ್ಲ. ನಿಯಂತ್ರಿತ ಪ್ರಯೋಗ ಎಂಬ ಪದವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ಆಮೇಲೆ. ಪದ ಬರುವ ಮೊದಲೇ ಅರ್ಥ ಬಂದಿತ್ತು.

ಮಕ್ಕಳು ಆಗಲೇ ಬಲ್ಲದ್ದು

ವಿಸ್ತರಣೆಯ ಹಂತಕ್ಕೆ ‘ಏಕೆಂದರೆ’ ಸೇರಿಸಿ ನಿಮ್ಮ ಊರಿನ ಒಂದು ಅನುಮಾನ ಬರೆಯಿರಿ ಎಂದು ಮನೆಗೆಲಸ ಕೊಟ್ಟೆ. ಈ ಮಕ್ಕಳಿಗೆ ತರ್ಕ ಹೊಸದು ಎಂದುಕೊಂಡವರು ಆ ಹಾಳೆಗಳನ್ನು ನೋಡಬೇಕು. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆ ನೆಂಟರಿರುವ ಹುಡುಗ ಬರೆದಿದ್ದ: ‘ರಾತ್ರಿ ಕರಡಿ ಬಂದಿತ್ತು, ಏಕೆಂದರೆ ಹುತ್ತ ಕೆದರಿತ್ತು.’ ಅಲ್ಲಿ ಕರಡಿಧಾಮವಿದೆ, ಕರಡಿಗೆ ಗೆದ್ದಲು ಪ್ರಿಯ ಆಹಾರ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ ನೋಡಿಬಂದವಳು, ಮರದ ಕೊಂಬೆ ಬೆಳ್ಳಗಾಗಿದ್ದರಿಂದ ಅಲ್ಲಿ ಹಕ್ಕಿಗಳು ಕೂರುತ್ತವೆ ಎಂದು ಬರೆದಿದ್ದಳು. ಹಡಗಲಿಯ ಮಲ್ಲಿಗೆ ಮನೆಯಲ್ಲಿ ಕಟ್ಟುವುದನ್ನು ಕಂಡವಳು, ಮೊಗ್ಗು ಎಷ್ಟು ಬಿರಿದಿದೆ ಎಂಬುದರಿಂದ ಕೊಯ್ದ ಹೊತ್ತು ಹೇಳಿದ್ದಳು. ಕುರಿ ಕಾಯುವ ಮನೆಯ ಹುಡುಗನ ಸಾಲು: ‘ಮಳೆ ಬಂದ ಮ್ಯಾಲೆ ಕುರಿ ಹೋಗ್ಯಾವು, ಏಕೆಂದರೆ ಹೆಜ್ಜೆ ಆಳಕ್ಕೆ ಮೂಡ್ಯಾವು.’

ಒಬ್ಬ ಕೇಳಿದ: ‘ಮೈಲಾರದ ಕಾರ್ಣಿಕಾನೂ ಹಿಂಗೇ ಅಲ್ವಾ ಮೇಡಂ? ಅದಕ್ಕೂ ಅರ್ಥ ಹಚ್ಚಬೇಕಲ್ಲ?’ ಪ್ರಶ್ನೆ ಸೂಕ್ಷ್ಮ. ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಒಂದು ಮಾತಿಗೆ ರೈತರು ಮಳೆ-ಬೆಳೆಯ ಅರ್ಥ ಹಚ್ಚಿದರೆ, ರಾಜಕಾರಣಿಗಳು ಚುನಾವಣೆಯ ಅರ್ಥ ಹಚ್ಚುತ್ತಾರೆ. ಅದು ನಂಬಿಕೆಯ ಮಾತು, ಅದಕ್ಕೆ ಅದರದೇ ಮರ್ಯಾದೆ ಇದೆ, ಅದನ್ನು ತರಗತಿಯಲ್ಲಿ ಅಳೆಯಲು ಹೋಗಬಾರದು ಎಂದೆ. ನಮ್ಮ ಊಹೆಯ ರೀತಿ ಬೇರೆ. ಅದು ತಪ್ಪಾಗಲು ಸಾಧ್ಯವಿರಬೇಕು. ‘ಗುಳ್ಳೆ ಬರಬೇಕು’ ಎಂದದ್ದಕ್ಕೇ ಗುಳ್ಳೆ ಬರದಿದ್ದಾಗ ನಮಗೆ ಹೊಸದೊಂದು ತಿಳಿಯಿತು.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಪತ್ತೇ

ದಾರಿ ಪೀಠಿಕೆ ಬಳಸುವ ಸಹಪಾಠಿಗಳಿಗೆ ನನ್ನ ಅನುಭವದಿಂದ ಇಷ್ಟು ಹೇಳಬಲ್ಲೆ.

1. ಪ್ರಕರಣದ ಶಂಕಿತರು ವಸ್ತುಗಳಾಗಿರಲಿ, ಮನುಷ್ಯರು ಬೇಡ. ‘ಯಾರು’ ಎಂಬಲ್ಲಿ ‘ಯಾವುದು’, ‘ಹೇಗೆ’ ಎಂದು ಕೇಳೋಣ. ನಾಟಕಕ್ಕಾಗಿಯೂ ತರಗತಿಯಲ್ಲಿ ಕಳ್ಳತನ ಹುಟ್ಟಿಸುವುದು ಬೇಡ.
2. ಸಾಕ್ಷ್ಯ ಮೊದಲು, ಹೆಸರು ಆಮೇಲೆ. ಪ್ರತಿ ಉತ್ತರದ ಜೊತೆ ‘ಏಕೆಂದರೆ’ ಕಡ್ಡಾಯ. ಸರಿ ಉತ್ತರಕ್ಕಿಂತ ಸರಿ ಹೇತುವಿಗೆ ಹೆಚ್ಚು ಅಂಕ ಕೊಟ್ಟರೆ ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ.
3. ಕನಿಷ್ಠ ಎರಡು ಊಹೆಗಳಾದರೂ ಕಪ್ಪುಹಲಗೆಯ ಮೇಲಿರಲಿ. ಒಂದೇ ಇದ್ದರೆ ಮಕ್ಕಳು ಅದನ್ನೇ ಉತ್ತರವೆಂದು ಬರೆದುಕೊಳ್ಳುತ್ತಾರೆ.
4. ಕೊನೆಯಲ್ಲಿ ‘ಏನು ಗೊತ್ತಾಗಲಿಲ್ಲ’ ಎಂಬ ಪ್ರಶ್ನೆಗೆ ಐದು ನಿಮಿಷ ಮೀಸಲಿಡೋಣ.
5. ಪಾಠಯೋಜನೆಯಲ್ಲಿಲ್ಲದ ಪ್ರಶ್ನೆ ಬಾಯಿಗೆ ಬಂದಾಗ, ಅದಕ್ಕೆ ಉತ್ತರವಾಗಿ ಯಾವ ಮಗು ಎದ್ದು ನಿಲ್ಲಬೇಕಾಗಬಹುದು ಎಂದು ಒಂದು ಕ್ಷಣ ಯೋಚಿಸೋಣ.

ವೀಕ್ಷಣೆ ಮಾಡುವ ಸಹಪಾಠಿಗಳಿಗೂ ಒಂದು ಮಾತು. ನಮ್ಮ ವೀಕ್ಷಣಾ ಹಾಳೆಯಲ್ಲಿ ಪೀಠಿಕೆ, ಧ್ವನಿ, ಕಪ್ಪುಹಲಗೆ ಬಳಕೆ, ಪ್ರಶ್ನಿಸುವ ಕೌಶಲ ಎಲ್ಲಕ್ಕೂ ಅಂಕಣಗಳಿವೆ. ಎದ್ದು ನಿಂತ ಹುಡುಗನಿಗೆ ಅಂಕಣವಿರಲಿಲ್ಲ. ನನ್ನ ಸಹಪಾಠಿ ಅದನ್ನು ಅಂಚಿನಲ್ಲಿ ಬರೆದಳು. ಆ ದಿನ ಆ ಕೋಣೆಯಲ್ಲಿದ್ದ ನಿಜವಾದ ಪತ್ತೇದಾರಳು ಅವಳೇ. ಕಂಡದ್ದನ್ನು ಕಂಡಂತೆ ಬರೆದಳು, ಯಾರ ಮೇಲೂ ಏನೂ ಹೊರಿಸಲಿಲ್ಲ.

ಬೋಧನಾಭ್ಯಾಸದ ಕೊನೆಯ ವಾರ ಆ ತರಗತಿಯಲ್ಲಿ ಒಂದು ಜಾಮಿಟ್ರಿ ಪೆಟ್ಟಿಗೆ ಕಾಣೆಯಾಯಿತು. ಇದು ನಿಜವಾಗಿಯೂ ಕಳೆದದ್ದು. ಇಬ್ಬರು ಮೂವರು ಆ ಹುಡುಗನ ಕಡೆ ತಿರುಗಿ ನೋಡಿದರು. ಹೆಸರು ಮಾತ್ರ ಯಾರೂ ಹೇಳಲಿಲ್ಲ. ಅವನು ಕೂತೇ ಇದ್ದ. ಪೆಟ್ಟಿಗೆಯ ಒಡತಿ ಬೆಂಚಿನ ಕೆಳಗೆ, ಆಮೇಲೆ ಪಕ್ಕದ ಕೋಣೆಯಲ್ಲಿ ಹುಡುಕಲು ಹೋದಳು. ಅದು ಸಿಕ್ಕಿತೋ ಇಲ್ಲವೋ ನನಗೆ ತಿಳಿಯುವ ಮೊದಲೇ ಗಂಟೆ ಬಾರಿಸಿತು. ಇದನ್ನು ನನ್ನ ಪಾಠದ ಕಲಿಕಾ ಫಲವೆಂದು ನಾನು ದಾಖಲಿಸಿಲ್ಲ. ಒಂದೇ ಘಟನೆಯಿಂದ ನಿಯಮ ಕಟ್ಟಬಾರದು ಎಂದು ಅವರಿಗೆ ಹೇಳಿಕೊಟ್ಟವಳು ನಾನೇ.